ಗಾಳಿಗೂ ಒಂದು ಲೆಕ್ಕ ಬೇಕು

ಉಗಾದಿ ಕಳೆದು ಮುಂಗಾರು ಹಿಡಿಯುವವರೆಗೆ ಪತ್ರಿಕೆಗಳ ಜಿಲ್ಲಾ ಪುಟ ತೆಗೆದರೆ ಒಂದೇ ಬಗೆಯ ಚಿತ್ರ ಕಾಣುತ್ತೆ. ನೆಲಕ್ಕೆ ಮಲಗಿದ ಬಾಳೆ ತೋಟ, ಅದರ ಬದುವಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತ ರೈತ. ಕೆಳಗೆ ‘ಬಿರುಗಾಳಿಗೆ ಬಾಳೆ ನಾಶ, ಲಕ್ಷಾಂತರ ರೂಪಾಯಿ ನಷ್ಟ’ ಅಂತ ಎರಡು ಸಾಲು. ಊರಿನ ಹೆಸರು ಬದಲಾಗುತ್ತೆ, ಚಿತ್ರ ಬದಲಾಗೋದಿಲ್ಲ. ಮಾರನೇ ವರ್ಷ ಅದೇ ತಿಂಗಳು, ಅದೇ ಚಿತ್ರ.

ಭರಣಿ ಮಳೆ ಬಿದ್ದರೆ ಧರಣಿ ಬೆಳೆ ಅಂತ ಹಿರಿಯರು ಹೇಳ್ತಾರೆ. ಮಾತು ನಿಜ. ಆದರೆ ಆ ಮಳೆಯ ಮುಂದೆ ಮುಂದೆ ಓಡಿ ಬರುವ ಗಾಳಿ ಹತ್ತೇ ನಿಮಿಷದಲ್ಲಿ ಹತ್ತು ತಿಂಗಳ ಬೆಳೆಯನ್ನು ಮಲಗಿಸಿ ಹೋಗುತ್ತೆ. ಬಿದ್ದ ಮೇಲೆ ನಾವು ಹೇಳೋದು ಒಂದೇ ಮಾತು: ‘ನಮ್ಮ ಹಣೆಬರಹ, ಗಾಳಿಗೆ ಯಾರೇನು ಮಾಡಕ್ಕಾಗುತ್ತೆ?’

ಚಾಮರಾಜನಗರ ಕಡೆಯ ಬಾಳೆ ಬೆಳೆಗಾರನಾಗಿ ಈ ಮಾತನ್ನ ನಾನು ಒಪ್ಪೋದಿಲ್ಲ. ಒಂದೇ ಸಲ ಬಂದು ಹೋಗೋದು ಆಕಸ್ಮಿಕ. ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಜಿಲ್ಲೆಯ ಯಾವುದೋ ಒಂದು ಮೂಲೆಗೆ ಬಂದೇ ಬರುವುದು ಆಕಸ್ಮಿಕ ಅಲ್ಲ, ಅದು ಬೇಸಾಯದ ಖರ್ಚು. ಗೊಬ್ಬರಕ್ಕೆ ಲೆಕ್ಕ ಇದೆ, ಕೂಲಿಗೆ ಇದೆ, ಡ್ರಿಪ್ ಪೈಪಿಗೆ ಇದೆ. ಗಾಳಿಗೆ ಮಾತ್ರ ನಮ್ಮ ಪುಸ್ತಕದಲ್ಲೂ ಲೆಕ್ಕ ಇಲ್ಲ, ಸರಕಾರದ ಪುಸ್ತಕದಲ್ಲೂ ಸರಿಯಾದ ಲೆಕ್ಕ ಇಲ್ಲ. ಎರಡೂ ಕಡೆ ಆ ಲೆಕ್ಕ ಬರಬೇಕು ಅನ್ನೋದೇ ಈ ವಾರದ ನನ್ನ ವಾದ.

ಸುಂಟರಗಾಳಿಯೋ, ಬಿರುಗಾಳಿಯೋ?

ಜೋರು ಗಾಳಿ ಬೀಸಿದರೆ ಸಾಕು, ಸುಂಟರಗಾಳಿ ಅಂತ ಬರೆಯೋದು ರೂಢಿ. ನಿಜವಾದ ಸುಂಟರಗಾಳಿ ಅಂದರೆ ಗುಡುಗು ಮೋಡದ ಬುಡದಿಂದ ನೆಲದವರೆಗೆ ಕಂಬದ ಹಾಗೆ ಗಿರಗಿರ ತಿರುಗೋ ಗಾಳಿ. ಅಮೆರಿಕದ ಬಯಲು ಸೀಮೆಯಲ್ಲಿ ಅದು ಹೆಚ್ಚು. ನಮ್ಮ ಉಪಖಂಡದಲ್ಲಿ ಬಂಗಾಳದ ಕಡೆ ಅದರ ಕಾಟ ಇದೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ್–ಸಾಟುರಿಯಾ ಭಾಗದ ಹಳ್ಳಿಗಳ ಮೇಲೆ ಹಾದು ಹೋದ ಸುಂಟರಗಾಳಿಗೆ ಸುಮಾರು 1,300 ಜನ ಸತ್ತರು. ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಅಂತ ಅದನ್ನೇ ಹೇಳ್ತಾರೆ. ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿಯಲ್ಲಿ 2024ರ ಮಾರ್ಚ್ 31ರಂದು ಬಂದ ಗಾಳಿ ಕೆಲವೇ ನಿಮಿಷದಲ್ಲಿ ಮನೆಗಳನ್ನು ಕೆಡವಿ ಜೀವ ತೆಗೆದಿತ್ತು.

ನಮ್ಮ ಕಡೆ ಬೇಸಿಗೆಯಲ್ಲಿ ತೋಟ ಮಲಗಿಸೋದು ಹೆಚ್ಚಾಗಿ ಅದಲ್ಲ. ಮಧ್ಯಾಹ್ನದವರೆಗೆ ನೆಲ ಕಾದು, ಸಂಜೆ ಹೊತ್ತಿಗೆ ಮೋಡ ಎತ್ತರಕ್ಕೆ ಬೆಳೆಯುತ್ತೆ. ಮಳೆ, ಆಲಿಕಲ್ಲು ಬೀಳೋಕೆ ಶುರುವಾದಾಗ ಮೋಡದೊಳಗಿನ ತಂಪು ಗಾಳಿ ಭಾರವಾಗಿ ಒಮ್ಮೆಲೇ ಕೆಳಗೆ ಕುಸಿಯುತ್ತೆ. ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತೆ. ಬಕೆಟ್ ನೀರನ್ನ ಅಂಗಳಕ್ಕೆ ಸುರಿದ ಹಾಗೆ. ಆ ನೀರಿನ ಅಲೆ ಯಾವ ತೋಟದ ಮೇಲೆ ಹಾಯುತ್ತೋ ಆ ತೋಟ ಹೋಯ್ತು. ಪಕ್ಕದ ಊರಲ್ಲಿ ಎಲೆಯೂ ಅಲ್ಲಾಡಿರೋದಿಲ್ಲ.

ಎರಡರ ವ್ಯತ್ಯಾಸ ತಿಳಿಯೋಕೆ ವಿಜ್ಞಾನಿ ಬರಬೇಕಾಗಿಲ್ಲ. ಬಿದ್ದ ಗಿಡಗಳನ್ನ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ, ಬಾಚಿದ ಕೂದಲಿನ ಹಾಗೆ ಮಲಗಿದ್ದರೆ ಅಥವಾ ಬೀಸಣಿಗೆಯ ಹಾಗೆ ಹರಡಿ ಬಿದ್ದಿದ್ದರೆ ಅದು ಮೋಡದಿಂದ ಇಳಿದ ಗಾಳಿ. ಒಂದಕ್ಕೊಂದು ಅಡ್ಡಾದಿಡ್ಡಿಯಾಗಿ, ಕಿರಿದಾದ ಒಂದು ಪಟ್ಟಿಯಲ್ಲಿ ಒಳಮುಖವಾಗಿ ತಿರುಚಿ ಬಿದ್ದಿದ್ದರೆ ಅದು ಸುಂಟರಗಾಳಿ. ಇದು ಬರೀ ಕುತೂಹಲದ ಮಾತಲ್ಲ. ಗಿಡಗಳು ಯಾವ ದಿಕ್ಕಿಗೆ ಬಿದ್ದಿವೆ ಅಂತ ಎರಡು ಮೂರು ವರ್ಷ ಬರೆದಿಟ್ಟುಕೊಂಡರೆ ಗಾಳಿತಡೆ ಯಾವ ಬದುವಿನ ಮೇಲೆ ಬೇಕು ಅನ್ನೋದು ನಿಮಗೇ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತೆ. ಗಂಟೆಗೆ 30 ಕಿಲೋಮೀಟರ್ ಗಾಳಿಗೆ ಎಲೆ ಸೀಳಿಸಿಕೊಂಡು ನಿಂತ ಬಾಳೆ, 60 ಕಿಲೋಮೀಟರಿಗೆ ನಾಲ್ಕು ಪಟ್ಟು ತಳ್ಳಿಸಿಕೊಳ್ಳುತ್ತೆ. ಬಾಳೆ ಮರವೂ ಅಲ್ಲ. ಅದರ ದಿಂಡು ಎಲೆಯ ಬುಡಗಳು ಸುತ್ತಿಕೊಂಡು ಆದದ್ದು, ತುಂಬಾ ನೀರೇ. ಬೇರು ಹೆಚ್ಚಿನವು ಮೇಲಿನ ಒಂದು ಒಂದೂವರೆ ಅಡಿ ಮಣ್ಣಲ್ಲೇ ಇರುತ್ತವೆ. ತುದಿಯಲ್ಲಿ 25 ಕಿಲೋ ಗೊನೆ ಒಂದೇ ಪಕ್ಕಕ್ಕೆ ನೇತಾಡುತ್ತಿರುತ್ತೆ. ಇಂಥ ಗಿಡ ಬೀಳದೆ ನಿಂತರೇ ಆಶ್ಚರ್ಯ.

ಬಿದ್ದದ್ದು ಗಿಡ ಅಷ್ಟೇ ಅಲ್ಲ

ಜೋಳ ಮಲಗಿದರೆ ಸ್ವಲ್ಪ ಕಾಳಾದರೂ ಕೈಗೆ ಬರುತ್ತೆ. ಬಾಳೆ ಗೊನೆ ಬಲಿಯುವ ಮುಂಚೆ ಬಿದ್ದರೆ ಪೂರ್ತಿ ಹೋಯ್ತು. ಅದೂ ಎಂಥ ಹೊತ್ತಲ್ಲಿ? ಎಲ್ಲ ಖರ್ಚು ಮಾಡಿ ಮುಗಿದ ಮೇಲೆ. ಸಸಿ, ಗೊಬ್ಬರ, ಕಳೆ, ನೀರು ಎಲ್ಲಕ್ಕೂ ದುಡ್ಡು ಸುರಿದಾಗಿದೆ, ಕೊಯ್ಲಿಗೆ ತಿಂಗಳೋ ಒಂದೂವರೆ ತಿಂಗಳೋ ಬಾಕಿ. ಸಂಘದ ಸಾಲ, ಅಂಗಡಿಯ ಬಾಕಿ, ಮಕ್ಕಳ ಶಾಲೆ ಫೀಜು ಎಲ್ಲವೂ ಆ ಗೊನೆಗಳ ಮೇಲೆ ಕೂತಿರುತ್ತೆ.

ಇದರಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನೋನು ಗುತ್ತಿಗೆ ರೈತ. ನಮ್ಮ ಭಾಗದಲ್ಲಿ ಬಾಳೆ, ಶುಂಠಿಗೆ ಜಮೀನು ಗುತ್ತಿಗೆ ಹಿಡಿಯೋರು ಬಹಳ. ಗುತ್ತಿಗೆ ಹಣ ಮುಂಗಡವಾಗಿ ಕೊಟ್ಟಾಗಿರುತ್ತೆ, ಕಾಗದ ಪತ್ರ ಏನೂ ಇರೋದಿಲ್ಲ. ಗಾಳಿಗೆ ತೋಟ ಮಲಗಿದ ಒಬ್ಬರ ಜೊತೆ ನಾನೇ ಅರ್ಜಿ ಕೊಡೋಕೆ ಹೋಗಿದ್ದೆ. ಅಲ್ಲಿ ನಡೆದ ಮಾತು ಇಷ್ಟೇ.

‘ಪಾಣಿ ಯಾರ ಹೆಸರಲ್ಲಿದೆ?’

‘ಭೂಮಿ ಯಜಮಾನರದ್ದು ಸಾರ್, ಬೆಳೆ ನಂದು.’

‘ಹಂಗಾದ್ರೆ ದುಡ್ಡು ಬಂದ್ರೆ ಅವರ ಖಾತೆಗೇ ಹೋಗೋದು.’

ಆ ಅಧಿಕಾರಿಯದ್ದು ತಪ್ಪಲ್ಲ, ನಿಯಮ ಇರೋದೇ ಹಾಗೆ. ಪರಿಹಾರ ಹೋಗೋದು ಪಹಣಿಯಲ್ಲಿ ಹೆಸರಿರುವವರ ಆಧಾರ್ ಜೋಡಿಸಿದ ಖಾತೆಗೆ. ಯಜಮಾನರು ಒಳ್ಳೆಯವರಾದರೆ ಕರೆದು ಕೊಡ್ತಾರೆ. ಇಲ್ಲದಿದ್ದರೆ ನಷ್ಟ ಒಬ್ಬನಿಗೆ, ಪರಿಹಾರ ಇನ್ನೊಬ್ಬನಿಗೆ.

ಸರಕಾರದ ಪಟ್ಟಿಯಲ್ಲಿ ಇಲ್ಲದ ಪದ

ಪ್ರಕೃತಿ ವಿಕೋಪಕ್ಕೆ ಪರಿಹಾರ ಬರೋದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಯಾವುದು ವಿಪತ್ತು ಅನ್ನೋದಕ್ಕೆ ಕೇಂದ್ರದ ಒಂದು ಪಟ್ಟಿ ಇದೆ. 2022-23ರಿಂದ 2025-26ರ ಅವಧಿಯ ಮಾರ್ಗಸೂಚಿ ತೆಗೆದು ನೋಡಿ: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟ ದಾಳಿ, ಹಿಮ ಮತ್ತು ಶೀತಗಾಳಿ. ಒಟ್ಟು 12. ಇದರಲ್ಲಿ ಬಿರುಗಾಳಿ ಇಲ್ಲ, ಸುಂಟರಗಾಳಿಯೂ ಇಲ್ಲ.

ಈಗ ಇನ್ನೊಂದು ಕಡೆ ನೋಡಿ. ಸಮುದ್ರದ ವಾಯುಭಾರ ಕುಸಿತದಲ್ಲಿ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನ ಚಂಡಮಾರುತ ಅಂತ ಕರೆಯುತ್ತೆ, ಅದಕ್ಕೊಂದು ಹೆಸರೂ ಇಡುತ್ತೆ. ಬೇಸಿಗೆಯ ಗುಡುಗು ಮಳೆಯ ಮುಂಚಿನ ಗಾಳಿ ಅಷ್ಟೇ ವೇಗ ಮುಟ್ಟಿದರೂ ಅದಕ್ಕೆ ಹೆಸರಿಲ್ಲ. ಬಾಳೆ ಗಿಡಕ್ಕೆ ಗಾಳಿ ಸಮುದ್ರದಿಂದ ಬಂತೋ, ಸಂಜೆ ಮೋಡದಿಂದ ಇಳೀತೋ ಗೊತ್ತಾಗುತ್ತಾ? ಬೀಳೋದು ಎರಡಕ್ಕೂ ಒಂದೇ ಥರ.

ಇದಕ್ಕೊಂದು ದಾರಿಯನ್ನ ಅದೇ ಮಾರ್ಗಸೂಚಿ ಕೊಟ್ಟಿದೆ. ರಾಜ್ಯಗಳು ತಮ್ಮಲ್ಲಿನ ವಿಶೇಷ ವಿಪತ್ತುಗಳನ್ನ ಘೋಷಿಸಿಕೊಂಡು ನಿಧಿಯ ಶೇ. 10ರವರೆಗೆ ಅದಕ್ಕೆ ಬಳಸಬಹುದು. ಒಡಿಶಾ ಸುಂಟರಗಾಳಿಯನ್ನ ಆ ರೀತಿ ಸೇರಿಸಿಕೊಂಡಿದೆ. ಕೇರಳ ಜೋರು ಗಾಳಿಯನ್ನ ಸೇರಿಸಿಕೊಂಡಿದೆ. ಅಂದರೆ ಇದು ಆಗದ ಹೋಗದ ಬೇಡಿಕೆ ಅಲ್ಲ, ಪಕ್ಕದ ರಾಜ್ಯ ಮಾಡಿ ತೋರಿಸಿದ ಕೆಲಸ.

ನಮ್ಮಲ್ಲಿ ಗಾಳಿಗೆ ಬಿದ್ದ ಬೆಳೆಗೆ ಪರಿಹಾರವೇ ಬಂದಿಲ್ಲ ಅಂತ ನಾನು ಹೇಳ್ತಿಲ್ಲ. ‘ಗಾಳಿ ಮಳೆ’ ಅಂತ ಒಟ್ಟಿಗೆ ಬರೆದ ಎಷ್ಟೋ ವರದಿಗಳಿಗೆ ದುಡ್ಡು ಬಂದಿದೆ. ಆದರೆ ವರದಿಯಲ್ಲಿ ‘ಆಲಿಕಲ್ಲು’ ಅನ್ನೋ ಪದ ಇದೆಯೋ ಇಲ್ಲವೋ ಅನ್ನೋದರ ಮೇಲೆ, ಬರೆಯೋರ ಮನಸ್ಸಿನ ಮೇಲೆ ರೈತನ ಹಕ್ಕು ನಿಂತಿರಬಾರದು. ಹಕ್ಕು ಅಂದ ಮೇಲೆ ಆದೇಶದಲ್ಲಿ ಆ ಪದ ನೇರವಾಗಿ ಇರಬೇಕು.

ಗಿಡಕ್ಕೆ ಎಷ್ಟು ಬೀಳುತ್ತೆ?

ಸರಿ, ಪಟ್ಟಿಗೆ ಸೇರಿತು ಅಂತಲೇ ಇಟ್ಟುಕೊಳ್ಳೋಣ. ಎಷ್ಟು ಬರುತ್ತೆ? ಅದೇ ಮಾರ್ಗಸೂಚಿ ಪ್ರಕಾರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ಅದೂ 2 ಹೆಕ್ಟೇರಿಗೆ ಮಿತಿ. ಶೇ. 33ಕ್ಕಿಂತ ಕಡಿಮೆ ನಷ್ಟ ಆಗಿದ್ದರೆ ಏನೂ ಇಲ್ಲ.

ಈಗ ಪೆನ್ನು ಹಿಡಿದು ಕೂತ್ಕೊಳ್ಳಿ. 6 ಅಡಿಗೆ 6 ಅಡಿ ಅಂತರದಲ್ಲಿ ಎಕರೆಗೆ 1,210 ಬಾಳೆ. ನೀರಾವರಿ ದರದಲ್ಲಿ ಎಕರೆಗೆ ಸುಮಾರು 6,880 ರೂ. ಬಂದರೆ ಗಿಡಕ್ಕೆ 6 ರೂಪಾಯಿಯೂ ಇಲ್ಲ. ಬಹುವಾರ್ಷಿಕ ದರದಲ್ಲಿ ಕೊಟ್ಟರೂ ಗಿಡಕ್ಕೆ ಏಳೂವರೆ ರೂಪಾಯಿ. ಅಂಗಾಂಶ ಕೃಷಿಯ ಒಂದು ಸಸಿಯ ಬೆಲೆಯೇ ಅದಕ್ಕಿಂತ ಜಾಸ್ತಿ. ರಾಜ್ಯ ಸರಕಾರ 2021ರ ಕೊನೆಯಲ್ಲಿ ತನ್ನ ಬೊಕ್ಕಸದಿಂದ ಸೇರಿಸಿ ತೋಟದ ಬೆಳೆಗೆ ಹೆಕ್ಟೇರಿಗೆ 28,000 ರೂ. ಮಾಡಿತ್ತು. ಒಳ್ಳೆಯ ಕೆಲಸವೇ. ಆದರೂ ಗಿಡಕ್ಕೆ ಹತ್ತು ರೂಪಾಯಿ ಮುಟ್ಟಲಿಲ್ಲ.

ಅಡಿಕೆಯ ಲೆಕ್ಕ ಇನ್ನೂ ಬೇಜಾರು. 9 ಅಡಿ ಅಂತರದಲ್ಲಿ ಎಕರೆಗೆ 538 ಮರ. 22,500 ರೂ. ದರದಲ್ಲಿ ಮರಕ್ಕೆ ಸುಮಾರು 17 ರೂಪಾಯಿ. ಐದಾರು ವರ್ಷ ಮಗುವಿನ ಥರ ಸಾಕಿ ಫಸಲಿಗೆ ಬಂದ ಮರಕ್ಕೆ 17 ರೂಪಾಯಿ! ಬಿದ್ದ ಮರ ಕಡಿದು ಹೊರಗೆ ಸಾಗಿಸೋ ಕೂಲಿಗೂ ಸಾಲೋದಿಲ್ಲ.

ಶೇ. 33ರ ಗೆರೆಯನ್ನೂ ನೋಡಿ. ಒಂದು ಎಕರೆಯಲ್ಲಿ 390 ಗಿಡ ಬಿದ್ದರೆ ಸೊನ್ನೆ, 400 ಗಿಡ ಬಿದ್ದರೆ ಪರಿಹಾರ. 390 ಗೊನೆ ಅಂದರೆ ಸಣ್ಣ ರೈತನ ವರ್ಷದ ಲಾಭ ಪೂರ್ತಿ ಅದರಲ್ಲೇ ಇರಬಹುದು.

ಇದು ಇನ್‌ಪುಟ್ ಸಬ್ಸಿಡಿ, ಮತ್ತೆ ಬೆಳೆ ಇಡೋಕೆ ಕೊಡೋ ಸಹಾಯ ಅಷ್ಟೇ, ನಷ್ಟ ತುಂಬಿಕೊಡೋದಲ್ಲ ಅಂತ ಅಧಿಕಾರಿಗಳು ಹೇಳ್ತಾರೆ. ಒಪ್ಪೋಣ. ಹಾಗಾದರೆ ನಷ್ಟ ತುಂಬಬೇಕಾದದ್ದು ವಿಮೆ. ಅಲ್ಲಿಯ ಕಥೆ ಏನು?

ಫಸಲ್ ಬಿಮಾದಲ್ಲಿ ಬಿರುಗಾಳಿಯ ನಷ್ಟ ಸೇರಿದೆ, ಆದರೆ ಅದನ್ನ ಅಳೆಯೋದು ಇಡೀ ಘಟಕದ ಸರಾಸರಿ ಇಳುವರಿ ಮೇಲೆ. ನಿಮ್ಮೊಬ್ಬರ ಹೊಲ ನೋಡಿ ಕೊಡುವ ಸ್ಥಳೀಯ ವಿಕೋಪದ ಪಟ್ಟಿಯಲ್ಲಿ ಆಲಿಕಲ್ಲು, ಭೂಕುಸಿತ, ಮುಳುಗಡೆ, ಮೇಘಸ್ಫೋಟ, ಸಿಡಿಲಿನ ಬೆಂಕಿ ಇವೆಯೇ ಹೊರತು ಬರೀ ಗಾಳಿ ಇಲ್ಲ. ಅಡಿಕೆ, ಮೆಣಸು, ಮಾವಿನಂಥ ಬೆಳೆಗೆ ಇರೋ ಹವಾಮಾನ ಆಧಾರಿತ ವಿಮೆ ಮಾಪನ ಕೇಂದ್ರದ ಅಂಕಿಗಳ ಮೇಲೆ ನಡೆಯುತ್ತೆ. ಗಾಳಿಯ ಪಟ್ಟಿ ಒಂದೆರಡು ಕಿಲೋಮೀಟರ್ ಅಗಲ, ಮಾಪನ ಕೇಂದ್ರ ಎಲ್ಲೋ ದೂರದಲ್ಲಿ. ಗಾಳಿ ಅದರ ಪಕ್ಕದಲ್ಲೇ ಹಾದು ಹೋದರೂ ಯಂತ್ರಕ್ಕೆ ಸುದ್ದಿ ತಿಳಿಯೋದಿಲ್ಲ.

ಕೇರಳದ ರಾಜ್ಯ ಬೆಳೆ ವಿಮೆಯಲ್ಲಿ ಬಾಳೆಯನ್ನ ಗಿಡದ ಲೆಕ್ಕದಲ್ಲಿ ನೋಡ್ತಾರೆ. ಗೊನೆ ಬಿಟ್ಟ ಗಿಡಕ್ಕೆ ಒಂದು ದರ, ಬಿಡದ ಗಿಡಕ್ಕೆ ಇನ್ನೊಂದು ದರ. ಬಾಳೆ ಬೆಳೆದು ಗೊತ್ತಿರೋರು ಮಾಡಿದ ಲೆಕ್ಕ ಅದು. ಗುಂಡ್ಲುಪೇಟೆ ಕಡೆಯ ನೇಂದ್ರ ಬಾಳೆ ಗಡಿ ದಾಟಿ ಕೇರಳದ ಮಾರುಕಟ್ಟೆಗೆ ಹೋಗುತ್ತೆ. ಅಲ್ಲಿನ ಈ ಲೆಕ್ಕ ಮಾತ್ರ ಗಡಿ ದಾಟಿ ಇಲ್ಲಿಗೆ ಬಂದಿಲ್ಲ.

ಎದುರು ಮಾತುಗಳು

ಇದನ್ನ ಹೇಳಿದಾಗ ಎರಡು ಮಾತು ಬರುತ್ತವೆ. ಮೊದಲನೆಯದು: ‘ಗಾಳಿ ಬರೋ ಜಾಗದಲ್ಲಿ ಬಾಳೆ ಯಾಕೆ ಬೆಳೀತೀರಿ?’ ನೀರಿದ್ದ ಸಣ್ಣ ಜಮೀನಿನಲ್ಲಿ ಒಂದು ವರ್ಷಕ್ಕೆ ನಾಲ್ಕು ಕಾಸು ಕಾಣಿಸೋ ಬೆಳೆ ಎಷ್ಟಿವೆ ಹೇಳಿ. ಬರ ಬರುತ್ತೆ ಅಂತ ರಾಗಿ ಬಿಡೋಕಾಗುತ್ತಾ? ಅಪಾಯ ಇಲ್ಲದ ಬೆಳೆ ಇಲ್ಲ. ಅಪಾಯವನ್ನ ಯಾರು ಎಷ್ಟು ಹೊರಬೇಕು ಅನ್ನೋದಷ್ಟೇ ಪ್ರಶ್ನೆ.

ಎರಡನೆಯದು: ‘ಗಿಡ ಎಣಿಸಿ ಕೊಡ್ತೀವಿ ಅಂದರೆ ಸುಳ್ಳು ಲೆಕ್ಕ ಬರುತ್ತೆ.’ ಈ ಮಾತಲ್ಲಿ ಹುರುಳಿಲ್ಲ ಅಂತ ಹೇಳೋದಿಲ್ಲ. ಹಳೇ ಬಿದ್ದ ಗಿಡ ತೋರಿಸೋರು, ಕಡಿದು ಮಲಗಿಸೋರು ಇರಬಹುದು. ಆದರೆ ಗೋಧಿ, ಭತ್ತದ ಇಳುವರಿ ಅಂದಾಜು ಮಾಡೋದಕ್ಕಿಂತ ಬಿದ್ದ ಬಾಳೆ ಎಣಿಸೋದು ಸುಲಭ. ಗಾಳಿಗೆ ಬಿದ್ದ ಗಿಡಕ್ಕೂ ಮಚ್ಚಲ್ಲಿ ಕಡಿದ ಗಿಡಕ್ಕೂ ವ್ಯತ್ಯಾಸ ತೋಟಗಾರಿಕೆ ಸಹಾಯಕರಿಗೆ ಒಂದು ನೋಟಕ್ಕೆ ತಿಳಿಯುತ್ತೆ. ಬೆಳೆ ಸಮೀಕ್ಷೆಯಲ್ಲಿ ಸರ್ವೆ ನಂಬರ್ ಪ್ರಕಾರ ಫೋಟೋ ಮೊದಲೇ ಇರುತ್ತೆ. ಸ್ಥಳ, ದಿನಾಂಕ ಬರುವ ಹಾಗೆ ಫೋಟೋ ತೆಗೆಯೋ ಮೊಬೈಲ್ ಎಲ್ಲರ ಜೇಬಲ್ಲೂ ಇದೆ. ಇಷ್ಟೆಲ್ಲ ಇದ್ದೂ ‘ಎಣಿಸೋಕಾಗಲ್ಲ’ ಅನ್ನೋದು ನೆಪ.

ನಮ್ಮ ಪುಸ್ತಕದ ಲೆಕ್ಕ

ಸರಕಾರವನ್ನ ಕೇಳೋದು ಸರಿ. ನಮ್ಮ ಪಾಲಿನದ್ದು? ಇಲ್ಲೂ ಖಾರವಾಗಿಯೇ ಮಾತಾಡಬೇಕು. ಎಕರೆಗೆ ಸಾವಿರಾರು ರೂಪಾಯಿ ಗೊಬ್ಬರ ಸುರಿಯೋ ನಾವು ಊರುಗೋಲಿಗೆ ದುಡ್ಡು ಬಿಚ್ಚೋದಿಲ್ಲ. ಬದುವಿನ ಮೇಲಿದ್ದ ಮರ ನೆರಳಾಗುತ್ತೆ ಅಂತ ಕಡಿದು ಮಾರಿದ್ದೇವೆ. ಆಮೇಲೆ ಗಾಳಿ ನೇರ ಬಂತು ಅಂತ ಅಳ್ತೀವಿ.

ಮೊದಲು ನಾಟಿ ತಿಂಗಳು. ಜೂನ್‌ನಲ್ಲಿ ನೆಟ್ಟ ಜಿ-9 ಬಾಳೆ ಜನವರಿ–ಫೆಬ್ರವರಿಗೆ ಗೊನೆ ಬಿಡುತ್ತೆ. ಏಪ್ರಿಲ್–ಮೇ ಹೊತ್ತಿಗೆ ಗೊನೆ ಪೂರ್ತಿ ತೂಕದಲ್ಲಿ ನೇತಾಡುತ್ತಿರುತ್ತೆ. ಅಂದರೆ ಗಾಳಿಯ ತಿಂಗಳಿಗೂ ಗೊನೆಯ ತೂಕಕ್ಕೂ ನಾವೇ ಮುಹೂರ್ತ ಕೂಡಿಸಿ ಇಟ್ಟ ಹಾಗೆ. ಎಲ್ಲರೂ ನಾಟಿ ತಿಂಗಳು ಬದಲಾಯಿಸಿ ಅಂತ ಹೇಳೋದಿಲ್ಲ, ನೀರು, ದರ ಎರಡೂ ನೋಡಬೇಕು. ಆದರೆ ಮೂರು ಎಕರೆ ಇದ್ದೋರು ಮೂರನ್ನೂ ಒಂದೇ ವಾರ ನೆಡೋದು ಬೇಡ. ಅರ್ಧ ಮುಂಗಾರಿಗೆ, ಅರ್ಧ ಮೂರು ನಾಲ್ಕು ತಿಂಗಳು ಬಿಟ್ಟು ನೆಟ್ಟರೆ ಒಂದು ಗಾಳಿಗೆ ಎಲ್ಲವೂ ಹೋಗೋದಿಲ್ಲ. ಮಾರುಕಟ್ಟೆ ದರ ಬಿದ್ದಾಗಲೂ ಇದೇ ಕಾಪಾಡುತ್ತೆ.

ಎರಡನೆಯದು ಗಾಳಿತಡೆ. ಸರ್ವೆ, ಸಿಲ್ವರ್ ಓಕ್, ಚೊಗಚೆ, ಬಿದಿರು, ನಿಮ್ಮ ಮಣ್ಣಿಗೆ ಒಗ್ಗೋದು ಯಾವುದಾದರೂ ಸರಿ. ಗಾಳಿತಡೆಯ ಹಿಂದೆ ಅದರ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಗಾಳಿಯ ಬಿರುಸು ಕಡಿಮೆಯಾಗುತ್ತೆ. 30 ಅಡಿ ಮರದ ಸಾಲು 300 ಅಡಿ ಕಾಯುತ್ತೆ. ಒಂದು ಎಕರೆ ಚೌಕದ ಒಂದು ಪಕ್ಕ ಸುಮಾರು 209 ಅಡಿ. ಲೆಕ್ಕ ನೀವೇ ಹಾಕಿ. ಸಾಲು ಗೋಡೆಯಂತೆ ದಟ್ಟವಾಗಿ ಇರಬಾರದು, ಅರ್ಧದಷ್ಟು ಗಾಳಿ ಸೋಸಿ ಹೋಗುವಂತಿರಬೇಕು. ಗೋಡೆಯಾದರೆ ಗಾಳಿ ಮೇಲೆ ಹಾರಿ ಆಚೆ ಕಡೆ ಸುಳಿಯಾಗಿ ಬೀಳುತ್ತೆ. ನಡುವೆ ಸಂದು ಬಿಟ್ಟರೂ ಅಪಾಯ, ಅಲ್ಲಿ ಗಾಳಿ ಇನ್ನೂ ಜೋರಾಗಿ ನುಗ್ಗುತ್ತೆ.

ಬದುವಿನ ಮರ ಅಂದ ಕೂಡಲೇ ಪಕ್ಕದ ಜಮೀನಿನವರ ಜೊತೆ ಜಗಳ ಶುರು. ನೆರಳು ಅವರ ಬೆಳೆಗೆ ಬೀಳುತ್ತೆ, ಬೇರು ಅವರ ಗೊಬ್ಬರ ತಿನ್ನುತ್ತೆ. ಇದಕ್ಕೆ ನಾಲ್ಕೈದು ಜನ ಒಟ್ಟಿಗೆ ಕೂತು ಮಾತಾಡೋದೇ ಮದ್ದು. ಗಾಳಿ ಸರ್ವೆ ನಂಬರ್ ನೋಡಿ ಬರೋದಿಲ್ಲ, ಗಾಳಿತಡೆಯೂ ಒಬ್ಬರ ಜಮೀನಿಗೆ ಮಾತ್ರ ಆಗೋದಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಸಿಗುತ್ತೆ, ಬದುಕಿದ ಸಸಿಗೆ ಪ್ರೋತ್ಸಾಹಧನವೂ ಇದೆ. ಯಾವ ಜಾತಿಗೆ ಇದೆ ಅಂತ ವಲಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮೂರನೆಯದು ಬುಡ. ಬಿದ್ದ ಗಿಡಗಳಲ್ಲಿ ಗೆಡ್ಡೆ ಸಮೇತ ಕಿತ್ತು ಬಂದವು ಎಷ್ಟು, ನಡು ಮುರಿದವು ಎಷ್ಟು ಅಂತ ಎಣಿಸಿ. ಗೆಡ್ಡೆ ಸಮೇತ ಕಿತ್ತಿದ್ದರೆ ಬೇರು ನೋಡಿ. ಕಪ್ಪಾಗಿ ಕೊಳೆತಿದ್ದರೆ ಜಂತುಹುಳು, ಗೆಡ್ಡೆಯಲ್ಲಿ ಸುರಂಗ ಇದ್ದರೆ ಮೂತಿಹುಳು. ಗಾಳಿ ಬರೀ ಕೊನೆಯ ಏಟು ಕೊಟ್ಟಿದೆ, ಗಿಡ ಮೊದಲೇ ಸಡಿಲವಾಗಿತ್ತು. ಎರಡನೇ ಮೂರನೇ ಕೂಳೆ ಬೆಳೆಯಲ್ಲಿ ಗೆಡ್ಡೆ ಮೇಲೆ ಮೇಲೆ ಬರುತ್ತೆ, ಹಾಗಾಗಿ ಮಣ್ಣು ಏರಿಸೋದನ್ನ ತಪ್ಪಿಸಬೇಡಿ. ನಡು ಮುರಿದಿದ್ದರೆ ದಿಂಡು ಕೊರಕ ಇದೆಯಾ, ಪೊಟ್ಯಾಷ್ ಕಡಿಮೆಯಾಯ್ತಾ ಅಂತ ನೋಡಿ.

ನಾಲ್ಕನೆಯದು ಊರುಗೋಲು. ಗೊನೆ ಬಿಟ್ಟ ಕೂಡಲೇ ಗಿಡ ವಾಲಿದ ಕಡೆ ಎರಡು ಗಳ ಕತ್ತರಿಯಾಕಾರದಲ್ಲಿ ಕೊಡಿ, ಇಲ್ಲವೇ ಪ್ಲಾಸ್ಟಿಕ್ ಪಟ್ಟಿಯಲ್ಲಿ ಎದುರು ಗಿಡದ ಬುಡಕ್ಕೆ ಕಟ್ಟಿ. ‘ಅಷ್ಟೂ ಗಿಡಕ್ಕೆ ಯಾರು ದುಡ್ಡು ಹಾಕ್ತಾರೆ’ ಅಂತ ಕೇಳ್ತೀರಿ. ಒಂದು ಗೊನೆಯ ಬೆಲೆಗೆ ಎಷ್ಟು ಗಿಡಕ್ಕೆ ಪಟ್ಟಿ ಕಟ್ಟಬಹುದು ಅಂತ ನಿಮ್ಮ ಊರಿನ ದರದಲ್ಲಿ ಲೆಕ್ಕ ಹಾಕಿ, ಉತ್ತರ ಅಲ್ಲೇ ಇದೆ. ಗಳ ಒಂದು ಬೆಳೆಗೆ ಮುಗಿಯೋದಿಲ್ಲ, ಮುಂದಿನ ಬೆಳೆಗೂ ಬರುತ್ತೆ.

ಒಂದು ಮಾತು ಸ್ಪಷ್ಟವಾಗಿರಲಿ. ನಿಜವಾದ ಸುಂಟರಗಾಳಿ ಬಂದರೆ ಈ ಯಾವುದೂ ನಿಲ್ಲೋದಿಲ್ಲ. ಮನೆ ಚಾವಣಿಯೇ ಹಾರೋವಾಗ ಊರುಗೋಲು ಎಲ್ಲಿ? ಆದರೆ ನಮ್ಮ ನಷ್ಟದ ಬಹುಪಾಲು ಅಂಥ ಗಾಳಿಯಿಂದ ಆಗ್ತಿಲ್ಲ. ಅದಕ್ಕಿಂತ ಕಡಿಮೆ ಗಾಳಿಗೇ ನಾವು ಬೀಳ್ತಿದ್ದೀವಿ. ತಡೆಯಬಹುದಾದ್ದನ್ನ ತಡೆದರೆ, ತಡೆಯಲಾಗದ್ದಕ್ಕೆ ಪರಿಹಾರ ಕೇಳೋ ದನಿಗೂ ಬಲ ಬರುತ್ತೆ.

ಬಿದ್ದ ಮೇಲಿನ ಮೂರು ದಿನ

ಗಾಳಿ ನಿಂತ ಮೇಲೆ ಮೊದಲು ನೋಡಬೇಕಾದ್ದು ಕರೆಂಟ್ ತಂತಿ. ಹರಿದು ಬಿದ್ದ ತಂತಿ ಇದ್ದರೆ ಲೈನ್‌ಮನ್ ಬರೋವರೆಗೆ ತೋಟಕ್ಕೆ ಕಾಲಿಡಬೇಡಿ. ಬೆಳೆ ಹೋದರೆ ಮತ್ತೆ ಬೆಳೀಬಹುದು.

ಆಮೇಲೆ ಫೋಟೋ. ನಾಲ್ಕೂ ಮೂಲೆಯಿಂದ ತೆಗೀರಿ, ಸ್ಥಳ ಮತ್ತು ದಿನಾಂಕ ಬರುವಂತಿರಲಿ. ಬಿದ್ದ ಗಿಡಗಳನ್ನ ಸಾಲು ಪ್ರಕಾರ ಎಣಿಸಿ, ಗೊನೆ ಬಿಟ್ಟವು ಬೇರೆ, ಬಿಡದವು ಬೇರೆ. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೂ ತೋಟಗಾರಿಕೆ ಇಲಾಖೆಗೂ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೀರಿ. ಅರ್ಜಿಯಲ್ಲಿ ಗಾಳಿ, ಮಳೆ, ಆಲಿಕಲ್ಲು ಏನೇನು ಬಂತೋ ಎಲ್ಲವನ್ನೂ ಬರೀರಿ. ವಿಮೆ ಇದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಫ್ರೂಟ್ಸ್ ಐಡಿ ಇಲ್ಲದಿದ್ದರೆ, ಬೆಳೆ ಸಮೀಕ್ಷೆಯಲ್ಲಿ ಬಾಳೆ ಬದಲು ಬೇರೆ ಬೆಳೆ ದಾಖಲಾಗಿದ್ದರೆ ಹಣ ಬರೋದು ಕಷ್ಟ. ಅದನ್ನ ಗಾಳಿ ಬರೋ ಮುಂಚೆಯೇ ಸರಿ ಮಾಡಿಸಿಟ್ಟುಕೊಳ್ಳಿ.

ಜಂಟಿ ಸಮೀಕ್ಷೆ ಆಗೋವರೆಗೆ ತೋಟ ಪೂರ್ತಿ ತೆರವು ಮಾಡಬೇಡಿ. ಆದರೆ ಮುಕ್ಕಾಲು ಬಲಿತ ಗೊನೆಯನ್ನ ಫೋಟೋ ತೆಗೆದು ಅಂದೇ ಕಡಿದು ಮಾರಿ, ಕಾಯುತ್ತಾ ಕೂತರೆ ಅದೂ ಹೋಗುತ್ತೆ. ಎಳೆಯದ್ದು ತರಕಾರಿಗೆ, ದನಕ್ಕೆ. ಸಮೀಕ್ಷೆ ಮುಗಿದ ಮೇಲೆ ಗೆಡ್ಡೆ ಗಟ್ಟಿಯಾಗಿರೋ ಬುಡದಲ್ಲಿ ಒಂದೇ ಒಂದು ಕತ್ತಿ ಕಂದು ಉಳಿಸಿ, ಉಳಿದವನ್ನ ತೆಗೆದು, ದಿಂಡನ್ನ ತುಂಡು ಮಾಡಿ ಅಲ್ಲೇ ಗೊಬ್ಬರಕ್ಕೆ ಬಿಡಿ. ಹೊಸ ಸಸಿಯ ಖರ್ಚಿಲ್ಲದೆ ಮುಂದಿನ ಬೆಳೆ ಶುರುವಾಗುತ್ತೆ.

ಏನು ಕೇಳಬೇಕು?

ನನ್ನ ಪ್ರಕಾರ ಬೇಡಿಕೆ ನಾಲ್ಕೇ ಇರಲಿ. ಒಂದು, ಬಿರುಗಾಳಿ, ಸುಂಟರಗಾಳಿ ಅನ್ನೋ ಪದಗಳು ಪರಿಹಾರದ ಆದೇಶದಲ್ಲಿ ನೇರವಾಗಿ ಇರಬೇಕು. ಎರಡು, ಬಾಳೆ, ಅಡಿಕೆ, ತೆಂಗಿನಂಥ ಬೆಳೆಗೆ ಹೆಕ್ಟೇರ್ ಲೆಕ್ಕ ಬಿಟ್ಟು ಗಿಡದ ಲೆಕ್ಕ, ಗಿಡದ ವಯಸ್ಸಿನ ಲೆಕ್ಕ ಬರಬೇಕು. ಆಗ ಶೇ. 33ರ ಗೆರೆಯೇ ಬೇಕಾಗೋದಿಲ್ಲ. ಮೂರು, ಭೂಮಿ ಯಜಮಾನರ ಒಪ್ಪಿಗೆ ಪತ್ರ ಅಥವಾ ಅಕ್ಕಪಕ್ಕದವರ ಮಹಜರಿನ ಆಧಾರದ ಮೇಲೆ ಬೆಳೆ ಇಟ್ಟವನ ಖಾತೆಗೇ ಹಣ ಹೋಗಬೇಕು. ನಾಲ್ಕು, ಗಾಳಿತಡೆ ಮತ್ತು ಊರುಗೋಲಿಗೆ ಸಹಾಯಧನ ಬೇಕು. ಬಿದ್ದ ಮೇಲೆ ಕೊಡೋ ದುಡ್ಡಿನಲ್ಲಿ ಒಂದು ಪಾಲನ್ನ ಬೀಳದಂತೆ ಮಾಡೋಕೆ ಕೊಟ್ಟರೆ ಸರಕಾರಕ್ಕೂ ಉಳಿತಾಯವೇ.

ಇದು ಒಬ್ಬರು ಅರ್ಜಿ ಕೊಟ್ಟರೆ ಆಗೋದಲ್ಲ. ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕನ್ನೂ ಠರಾವು ಮಾಡಿಸಿ ತಹಶೀಲ್ದಾರರಿಗೆ, ಶಾಸಕರಿಗೆ ಒಂದೊಂದು ಪ್ರತಿ ಕೊಡಿ. ಬಾಳೆ ಬೆಳೆಯುವ ಹತ್ತು ಪಂಚಾಯಿತಿಯಿಂದ ಒಂದೇ ಒಕ್ಕಣೆಯ ಠರಾವು ಹೋದರೆ ಅದನ್ನ ಪಕ್ಕಕ್ಕಿಡೋದು ಕಷ್ಟ.

ಈ ವಾರ ಇನ್ನೊಂದು ಸಣ್ಣ ಕೆಲಸ ಮಾಡಿ. ತೋಟದ ಖರ್ಚಿನ ಪುಸ್ತಕ ತೆಗೆದು ಗೊಬ್ಬರ, ಕೂಲಿ, ನೀರು ಅಂತ ಬರೆದಿರೋದರ ಕೆಳಗೆ ‘ಗಾಳಿ’ ಅಂತ ಒಂದು ಸಾಲು ಸೇರಿಸಿ. ಈ ಬೆಳೆಗೆ ಅದರ ಮುಂದೆ ಎಷ್ಟು ಬರೀತೀರಿ, ಯಾವುದಕ್ಕೆ ಅಂತ ಮನೆಯವರ ಜೊತೆ ಕೂತು ಮಾತಾಡಿ. ಮೊದಲ ಸಲ ಬರೆಯೋ ಅಂಕಿ ಸಣ್ಣದಾದರೂ ಪರವಾಗಿಲ್ಲ.